ಸಂಪಾಜೆ ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೂ ನನ್ನ ಪೆಟ್ರೋಲ್ ಕಾರು ಎಳೆಯುವುದಿಲ್ಲ, ಏಕೆ?

ಸಾಮಾನ್ಯವಾಗಿ ಎಂಜಿನ್‌ಗೆ ಗಾಳಿ ಅಥವಾ ಇಂಧನ ಸಾಲುತ್ತಿರುವುದಿಲ್ಲ, ಇಲ್ಲವೇ ಕ್ಲಚ್ ಸವೆದು ಎಂಜಿನ್ನಿನ ಬಲ ಚಕ್ರಗಳಿಗೆ ತಲುಪುತ್ತಿರುವುದಿಲ್ಲ. ಏರಿನಲ್ಲಿ ಆರ್‌ಪಿಎಂ ಮುಳ್ಳನ್ನು, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಮುಳ್ಳನ್ನು, ಗಮನಿಸಿ; ಅದು ಜಿಗಿದರೂ ವೇಗ ಹೆಚ್ಚದಿದ್ದರೆ ಕ್ಲಚ್ ಜಾರುತ್ತಿದೆ, ಪ್ಲೇಟ್ ಬದಲಿಸದೆ ವಿಧಿಯಿಲ್ಲ. ಮುಳ್ಳೂ ಮೇಲೇಳದಿದ್ದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾಗುವುದರಿಂದ, ಕಾಫಿತೋಟದ ಹಾದಿಯ ಧೂಳು ಫಿಲ್ಟರಿನಲ್ಲಿ ಕಟ್ಟಿಕೊಂಡಷ್ಟೂ ಎಂಜಿನ್ ಉಸಿರುಗಟ್ಟುತ್ತದೆ. ಮಡಿಕೇರಿಯ ಎತ್ತರದಲ್ಲಿ ಗಾಳಿಯೇ ತೆಳುವಾಗಿರುವುದರಿಂದ ತುಸು ಬಲ ತಗ್ಗುವುದಂತೂ ಸಹಜ, ಅದು ರೋಗವಲ್ಲ. ಫಿಲ್ಟರ್ ಶುಚಿಯಾಗಿದ್ದರೆ ಸ್ಪಾರ್ಕ್ ಪ್ಲಗ್ ಮತ್ತು ಪೆಟ್ರೋಲ್ ಪಂಪಿನ ಒತ್ತಡವನ್ನು ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ.