ಪದ ಪ್ರಶ್ನೆ: ‘ರಿಲೆಂಟ್’ ಅಂದರೆ ಸೋಲೊಪ್ಪುವುದೇ?

ಪ್ರಶ್ನೆ: ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವಾಗ ‘ರಿಲೆಂಟ್’ (relent) ಎಂಬ ಕ್ರಿಯಾಪದ ಮತ್ತೆ ಮತ್ತೆ ಎದುರಾಗುತ್ತದೆ. ‘ಮಣಿ’, ‘ಕರಗು’, ‘ಕನಿಕರಪಡು’ಗಳಲ್ಲಿ ಯಾವುದು ಸರಿ? ‘ಯೀಲ್ಡ್’ಗೂ (yield) ಇದಕ್ಕೂ ವ್ಯತ್ಯಾಸವೇನು? ಮಳೆಯ ವಿಷಯದಲ್ಲೂ ಇದನ್ನು ಬಳಸುತ್ತಾರಲ್ಲ?
(ಓದುಗರೊಬ್ಬರು, ಶಿರಸಿ)

ಉತ್ತರ: ಮೊದಲು ನೋಡಬೇಕಾದದ್ದು ಕರ್ತೃ ಯಾರು ಎಂಬುದನ್ನು. ಬೇಡ ಎನ್ನುವ ಅಧಿಕಾರವುಳ್ಳವರು, ಅಲ್ಲಿಯವರೆಗೆ ಬಿಗಿಯಾಗಿ ನಿಂತವರು ಮಾತ್ರ ‘ರಿಲೆಂಟ್’ ಆಗಬಲ್ಲರು: ತಂದೆತಾಯಿ, ನ್ಯಾಯಾಧೀಶರು, ಸಾಲ ಕೊಟ್ಟವರು. ಬೇಡುವವನಿಗೆ ಈ ಪದ ಹೊಂದುವುದಿಲ್ಲ. ‘ಯೀಲ್ಡ್’ಗೆ ಹೊರಗಿನ ಒತ್ತಡವಿದ್ದರೆ ಸಾಕು, ಮನಸ್ಸು ಕಲ್ಲಾಗಿಯೇ ಇರಬಹುದು. ‘ರಿಲೆಂಟ್’ನಲ್ಲಿ ಬಿಗಿ ಸಡಿಲವಾಗಲೇಬೇಕು. ಷೇಕ್ಸ್‌ಪಿಯರ್‌ನ ‘ದ ಮರ್ಚೆಂಟ್ ಆಫ್ ವೆನಿಸ್’ ನಾಟಕದ 3ನೆಯ ಅಂಕದಲ್ಲಿ ಸಾಲ ಕೊಟ್ಟ ಶೈಲಾಕ್ ಈ ಎರಡೂ ಪದಗಳನ್ನು ಒಂದೇ ಉಸಿರಿನಲ್ಲಿ ಆಡುತ್ತಾನೆ. ತಲೆಯಾಡಿಸಿ, ‘ರಿಲೆಂಟ್’ ಆಗಿ, ನಿಟ್ಟುಸಿರಿಟ್ಟು, ಆಮೇಲೆ ‘ಯೀಲ್ಡ್’ ಆಗುವ ಮೆದು ಮೂರ್ಖ ತಾನಲ್ಲ ಎನ್ನುತ್ತಾನೆ. ಆ ಕ್ರಮವನ್ನು ಗಮನಿಸಿ: ಒಳಗೆ ಕರಗುವುದು ಮೊದಲು, ಬಿಟ್ಟುಕೊಡುವುದು ನಂತರ.

ಪದದ ಮೂಲವೂ ಇದನ್ನೇ ಹೇಳುತ್ತದೆ. ಲ್ಯಾಟಿನ್‌ನ ‘ಲೆಂಟಸ್’ ಎಂದರೆ ಬಳುಕುವಂಥದ್ದು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ರಿಲೆಂಟ್’ ಎಂದರೆ ಅಕ್ಷರಶಃ ಕರಗುವುದು, ಶಾಖಕ್ಕೆ ಮೆತ್ತಗಾಗುವುದು. ಮನಸ್ಸಿಗೆ ಅನ್ವಯವಾದದ್ದು ಆಮೇಲೆ. (ಕ್ರೈಸ್ತರ ಉಪವಾಸದ ‘ಲೆಂಟ್’ಗೆ ಇದರೊಂದಿಗೆ ನಂಟಿಲ್ಲ.)

ಹಾಗಾಗಿ ‘ದ ಹೆಡ್‌ಮಾಸ್ಟರ್ ಫೈನಲಿ ರಿಲೆಂಟೆಡ್’ ಎಂಬುದಕ್ಕೆ ‘ಹೆಡ್‌ಮಾಸ್ಟರು ಕೊನೆಗೂ ಪಟ್ಟು ಸಡಿಲಿಸಿದರು’ ಎನ್ನಿ. ದಯೆ ಎದ್ದು ಕಾಣುವಲ್ಲಿ ‘ಮನಸ್ಸು ಕರಗಿತು’ ಚೆಂದ. ‘ಒತ್ತಡಕ್ಕೆ ಮಣಿದರು’ ಎಂಬುದನ್ನು ‘ಯೀಲ್ಡ್’ಗೇ ಬಿಡಿ. ‘ರಿಫ್ಯೂಸ್ಡ್ ಟು ರಿಲೆಂಟ್’ ಬಂದರೆ ‘ಜಗ್ಗಲಿಲ್ಲ’ ಎಂಬ ಒಂದೇ ಪದ ಸಾಕು; ‘ಸಡಿಲಗೊಳ್ಳಲು ನಿರಾಕರಿಸಿದರು’ ಎಂದು ಎಳೆಯುವುದು ಬೇಡ.

ನೀವೇ ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ತಪ್ಪು ನುಸುಳುತ್ತದೆ. ‘ರಿಲೆಂಟ್’ ಅಕರ್ಮಕ, ಅಂದರೆ ಕರ್ಮಪದವನ್ನು ತೆಗೆದುಕೊಳ್ಳುವುದಿಲ್ಲ. ‘ನಿರ್ಧಾರವನ್ನು ಸಡಿಲಿಸಿದರು’ ಎಂಬ ನಮ್ಮ ವಾಕ್ಯದ ಜಾಡು ಹಿಡಿದು ‘ರಿಲೆಂಟೆಡ್ ಹಿಸ್ ಡಿಸಿಷನ್’ ಎಂದು ಬರೆಯುತ್ತಾರೆ, ಅದು ಸಲ್ಲದು. ವಿಷಯ ಹೇಳಲೇಬೇಕಿದ್ದರೆ ನಡುವೆ ‘ಆನ್’ ಸೇರಿಸಿ.

ಮಳೆ, ಗಾಳಿ, ಸೆಕೆ, ನೋವಿಗೂ ಇದು ಸಲ್ಲುತ್ತದೆ. ಆದರೆ ‘ದ ರೇನ್ ರಿಲೆಂಟೆಡ್’ ಎಂದರೆ ಮಳೆ ನಿಂತಿತು ಎಂದಲ್ಲ, ಅದರ ರಭಸ ತಗ್ಗಿತು ಎಂದು. ನಿಮ್ಮ ಕಡೆಯ ‘ಹೊಳವಾಯಿತು’ (ಮಳೆ ಬಿಡುವು ಕೊಟ್ಟಿತು) ಕೂಡ ಇಲ್ಲಿ ಹೆಚ್ಚಾದೀತು.

‘ರಿಲೆಂಟ್‌ಲೆಸ್’ಗೆ ಎಲ್ಲೆಡೆ ‘ನಿರಂತರ’ ಎಂದು ಹಾಕಬೇಡಿ. ನಿರಂತರ ಎಂಬುದರಲ್ಲಿ ಕಾಲವಿದೆ, ಹಿಡಿತವಿಲ್ಲ. ಮಳೆಗೆ ‘ಬಿಟ್ಟೂಬಿಡದ’, ಪ್ರಯತ್ನಕ್ಕೆ ‘ಎಡೆಬಿಡದ’, ಶತ್ರುವಿಗೆ ‘ನಿರ್ದಯ’ ಹೊಂದುತ್ತವೆ.