ಕಾಸರಗೋಡಿನಲ್ಲಿ ಕುಳಿತು ಜಗತ್ತಿನ ಸುದ್ದಿ ಓದುವುದೆಂದರೆ

ಮಾನ್ಯರೇ,

ಗಡಿ, ಭಾಷೆ, ಶಾಲೆ ಎಂಬ ಮೂರು ವಿಷಯಗಳನ್ನು ಬಿಟ್ಟರೆ ಕಾಸರಗೋಡಿನ ಕನ್ನಡಿಗರು ಬೇರೇನನ್ನೂ ಮಾತಾಡುವುದಿಲ್ಲವೆಂಬ ಅಭಿಪ್ರಾಯ ಬೆಂಗಳೂರಿನ ಕಡೆ ಇದೆಯೆಂದೂ, ಅಂಥ ಊರಿನ ವಿದ್ಯಾರ್ಥಿಗಳಿಗೆ ಜಗತ್ತಿನ ಆಗುಹೋಗುಗಳಲ್ಲಿ ನಿಜವಾದ ಆಸಕ್ತಿ ಇದೆಯೇ ಎಂದೂ ನೀವು ಕೇಳಿದ್ದೀರಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುತ್ತ ಬೆಳೆದು ಈಗ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿರುವ ನನಗೆ ತೋಚುವ ಉತ್ತರ ಹೀಗಿದೆ: ನಮ್ಮ ಬದುಕನ್ನು ಬದಲಿಸಿದ ತೀರ್ಮಾನಗಳಲ್ಲಿ ಹೆಚ್ಚಿನವು ನಮ್ಮನ್ನು ಕೇಳದೆ, ನಾವು ಕಾಣದ ಊರುಗಳಲ್ಲಿ ಆದವು. ಆದ್ದರಿಂದ ದೂರದ ಸುದ್ದಿಯನ್ನು ಎಚ್ಚರದಿಂದ ಓದುವುದು ನಮ್ಮಲ್ಲಿ ಹವ್ಯಾಸಕ್ಕಿಂತ ಹೆಚ್ಚಾಗಿ ಅಗತ್ಯವಾಗಿ ಬೆಳೆದಿದೆ.

1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ್ದು ದೆಹಲಿಯಲ್ಲಿ ಆದ ತೀರ್ಮಾನ. ಚಂದ್ರಗಿರಿ ನದಿಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು, ಗಡಿ ವಿವಾದಕ್ಕಾಗಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಯಾಗದೆ ಉಳಿದದ್ದೂ ಅಲ್ಲಿಯೇ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು ತಿರುವನಂತಪುರದ ಆದೇಶದಿಂದ. ಈ ಇತಿಹಾಸವನ್ನು ನೀವು ಬಲ್ಲಿರಾದ್ದರಿಂದ ಹೆಚ್ಚು ವಿಸ್ತರಿಸುವುದಿಲ್ಲ. ಇಂಥ ಊರಿನ ಹಿರಿಯರು ಆಕಾಶವಾಣಿಯ ಬೆಳಗಿನ 7.35ರ ಕನ್ನಡ ವಾರ್ತೆಯನ್ನು ಯಾಕೆ ಅಷ್ಟು ಶ್ರದ್ಧೆಯಿಂದ ಕೇಳುತ್ತಿದ್ದರೆಂಬುದು ಅದರಿಂದ ಅರ್ಥವಾಗಬಹುದು.

ಇನ್ನು ಗಲ್ಫಿನ ವಿಷಯ. 2018ರ ಕೇರಳ ವಲಸೆ ಸಮೀಕ್ಷೆಯ ಪ್ರಕಾರ ಹೊರದೇಶಗಳಲ್ಲಿದ್ದ ಕೇರಳೀಯರ ಸಂಖ್ಯೆ ಸುಮಾರು 21 ಲಕ್ಷ, ಅವರಲ್ಲಿ ಬಹುಪಾಲು ಜನ ಗಲ್ಫ್ ದೇಶಗಳಲ್ಲಿದ್ದವರು. ಕಾಸರಗೋಡಿನ ಕರಾವಳಿಯಲ್ಲಂತೂ ಗಲ್ಫಿಗೆ ಹೋದವರಿಲ್ಲದ ಬೀದಿಯನ್ನು ಹುಡುಕಬೇಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ದೇಶದ ಉಳಿದ ಕಡೆ ಅದು ವಿದೇಶಾಂಗ ನೀತಿಯ ಸುದ್ದಿಯಾಗಿದ್ದರೆ ಇಲ್ಲಿ ಅದು ವಿಮಾನ ಹತ್ತಲು ಯಾರು ಜೋರ್ಡಾನಿನ ಅಮ್ಮಾನಿಗೆ ತಲುಪಿದರು, ಯಾರದು ಇನ್ನೂ ಸುದ್ದಿಯಿಲ್ಲ ಎಂಬ ನೆರೆಮನೆಯ ವಿಚಾರಣೆಯಾಗಿತ್ತೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ಸೌದಿ ಅರೇಬಿಯ 2011ರಲ್ಲಿ ನಿತಾಖತ್ ಎಂಬ ನಿಯಮವನ್ನು ತಂದು, ಖಾಸಗಿ ಸಂಸ್ಥೆಗಳು ಇಂತಿಷ್ಟು ಪಾಲು ಕೆಲಸವನ್ನು ಸ್ವದೇಶಿಗಳಿಗೇ ಕೊಡಬೇಕೆಂದು ವಿಧಿಸಿದಾಗ, ಅರಬ್ ದೇಶದ ಕಾರ್ಮಿಕ ಕಾನೂನನ್ನು ಬೀಡಿ ಕಟ್ಟುವ ಹೆಂಗಸರೂ ಚರ್ಚಿಸುವಂತಾಯಿತು. ಅರ್ಥಶಾಸ್ತ್ರದ ತರಗತಿಯಲ್ಲಿ ‘ಜಾಗತೀಕರಣ’ ಎಂಬ ಅಧ್ಯಾಯ ಬರುವ ಮೊದಲೇ ಅದರ ಸಾರಾಂಶ ನಮಗೆ ತಿಳಿದಿರುತ್ತದೆ.

ಎರಡು ಭಾಷೆಗಳ ಪತ್ರಿಕೆಗಳನ್ನು ಓದುವವರಿಗೆ ಇನ್ನೊಂದು ಪಾಠವೂ ತಾನಾಗಿ ಆಗುತ್ತದೆ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಮಡಿದಾಗ ಆ ಯುದ್ಧ ಕನ್ನಡದ ಓದುಗರ ಮನೆಯೊಳಕ್ಕೆ ಬಂದಿತು. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, 45 ಭಾರತೀಯರ ಮೃತದೇಹಗಳನ್ನು ಹೊತ್ತ ವಾಯುಪಡೆಯ ವಿಮಾನ ಎರಡು ದಿನಗಳ ಬಳಿಕ ಕೊಚ್ಚಿಯಲ್ಲಿ ಇಳಿದಾಗ, ಅವರಲ್ಲಿ 23 ಮಂದಿ ಕೇರಳದವರಾಗಿದ್ದುದರಿಂದ, ಮಲಯಾಳದ ವಾಹಿನಿಗಳು ಬೇರೆ ಯಾವ ಸುದ್ದಿಯನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಮಡಿದವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಒಂದೊಂದು ಭಾಷೆಯವರೂ ಹೀಗೆ ತಮ್ಮವರ ಸುದ್ದಿಗೇ ಹೆಚ್ಚು ಜಾಗ ಕೊಡುವುದನ್ನು ಪತ್ರಿಕೆಗಳ ತಪ್ಪೆಂದು ನಾನು ಹೇಳಲಾರೆ. ತಮ್ಮವರ ಸಾವನ್ನು ಮೊದಲು ಹೇಳುವುದು ಸಹಜ. ಆದರೆ ಒಂದೇ ಭಾಷೆಯಲ್ಲಿ ಓದುವವನಿಗೆ ಪುಟದಲ್ಲಿ ಕಂಡ ಗಾತ್ರವೇ ಘಟನೆಯ ನಿಜವಾದ ಗಾತ್ರವೆಂದು ಅನ್ನಿಸುವ ಅಪಾಯವಿದೆ. ಇಲ್ಲಿ ಒಂದೇ ಮೇಜಿನ ಮೇಲೆ ಎರಡು ಪತ್ರಿಕೆಗಳು ಬಿದ್ದಿರುವುದರಿಂದ, ಒಂದರಲ್ಲಿ ಮೊದಲ ಪುಟದಲ್ಲಿರುವುದು ಇನ್ನೊಂದರಲ್ಲಿ ಒಳಪುಟದ ನಾಲ್ಕು ಸಾಲಾಗಿರುವುದನ್ನು ನೋಡುತ್ತಲೇ ನಾವು ಬೆಳೆಯುತ್ತೇವೆ.

ಜಗತ್ತಿನ ಸುದ್ದಿ ಊರಿನ ಸುದ್ದಿಯಾಗುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ನನ್ನ ತಲೆಮಾರಿನವರು ಕಣ್ಣಾರೆ ಕಂಡದ್ದು 2020ರಲ್ಲಿ. ಚೀನಾದ ವುಹಾನ್ ನಗರದ ಕಾಯಿಲೆಯ ಬಗ್ಗೆ ಜನವರಿಯಲ್ಲಿ ಓದುತ್ತಿದ್ದಾಗ ಅದು ಪರೀಕ್ಷೆಯ ಸಾಮಾನ್ಯ ಜ್ಞಾನಕ್ಕೆ ಬೇಕಾದ ವಿಷಯವೆಂದೇ ಭಾವಿಸಲಾಗಿತ್ತು. ಭಾರತದ ಮೊದಲ ಮೂರು ಪ್ರಕರಣಗಳು ವುಹಾನಿನಿಂದ ಮರಳಿದ ಕೇರಳದ ವಿದ್ಯಾರ್ಥಿಗಳಲ್ಲಿ ದೃಢಪಟ್ಟವು. ಮೊದಲನೆಯದು ಜನವರಿ 30ರಂದು ತೃಶೂರಿನಲ್ಲಿ, ಮೂರನೆಯದು ಫೆಬ್ರವರಿ 3ರಂದು ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ. ಮಾರ್ಚ್ ತಿಂಗಳಲ್ಲಿ ದುಬೈಯಿಂದ ಬಂದವರ ಮೂಲಕ ಸೋಂಕು ಹಬ್ಬಿ, ಕಾಸರಗೋಡಿನ ಹೆಸರು ದೇಶದ ಸುದ್ದಿಯಲ್ಲಿ ಪ್ರತಿದಿನ ಕೇಳಿಬರತೊಡಗಿತು.

ಆಮೇಲೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ನಮ್ಮ ಭೂಗೋಳವನ್ನು ತಿಳಿದಿರಬೇಕು. ಮಂಗಳೂರು ನಮಗೆ ಸುಮಾರು 50 ಕಿಲೋಮೀಟರ್. ತಿರುವನಂತಪುರಕ್ಕೆ ರೈಲಿನಲ್ಲಿ ಒಂದು ರಾತ್ರಿ ಬೇಕು. ಮಂಜೇಶ್ವರದವರಿಗಂತೂ ಮಂಗಳೂರು ಇನ್ನೂ ಹತ್ತಿರ. ಹೆರಿಗೆ, ಡಯಾಲಿಸಿಸ್, ಹೃದಯದ ಚಿಕಿತ್ಸೆ, ಅಪಘಾತ ಇವುಗಳಿಗೆಲ್ಲ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವುದು ರಾಜ್ಯಗಳ ವಿಂಗಡಣೆಗಿಂತ ಹಳೆಯ ರೂಢಿ. ದೇಶವೆಲ್ಲ ಬಾಗಿಲು ಮುಚ್ಚಿದ ಆ ಮಾರ್ಚ್‌ನಲ್ಲಿ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಆಂಬುಲೆನ್ಸ್‌ಗಳು ಹಿಂದಿರುಗಿದವು, ಸಕಾಲದಲ್ಲಿ ಚಿಕಿತ್ಸೆ ಸಿಗದೆ ರೋಗಿಗಳು ಸತ್ತ ವರದಿಗಳು ಒಂದರ ಹಿಂದೆ ಒಂದು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆಗಳನ್ನು ತೆಗೆಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು; ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ತುರ್ತು ಚಿಕಿತ್ಸೆಯ ರೋಗಿಗಳಿಗಾಗಿ ಒಂದು ಒಪ್ಪಂದವಾಯಿತು. ಅದೇ ಸಮಯಕ್ಕೆ, ವರ್ಷಗಳಿಂದ ಮುಗಿಯದೆ ನಿಂತಿದ್ದ ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆ ತೆರೆಯಿತು.

ಕಾಯಿಲೆಯ ಭಯ ಎರಡೂ ಕಡೆ ನಿಜವಾಗಿತ್ತು, ದಕ್ಷಿಣ ಕನ್ನಡದವರ ಆತಂಕವನ್ನು ಸುಳ್ಳೆನ್ನಲಾಗದು. ಆದರೂ ಕನ್ನಡ ವಾಹಿನಿಗಳಲ್ಲಿ ಕಾಸರಗೋಡೆಂದರೆ ‘ಕೇರಳದ ಸೋಂಕು’, ಮಲಯಾಳದ ವಾಹಿನಿಗಳಲ್ಲಿ ತಲಪಾಡಿಯೆಂದರೆ ‘ಕರ್ನಾಟಕದ ಕ್ರೌರ್ಯ’ ಎಂಬಂತೆ ಕಂಡ ಆ ದಿನಗಳಲ್ಲಿ, ಗಡಿಯ ಇತ್ತ ಕನ್ನಡ ಮಾತಾಡುವವರು ಬದುಕಿದ್ದಾರೆಂಬುದು ಎರಡೂ ಕಡೆಯ ನಿರೂಪಕರಿಗೆ ನೆನಪಾಗಲಿಲ್ಲ. ಸಾಂಕ್ರಾಮಿಕದ ಜಾಗತಿಕ ಮಹತ್ವವೆಂದು ಪ್ರಬಂಧದಲ್ಲಿ ಬರೆಯುವಾಗ ಪೂರೈಕೆ ಸರಪಳಿ, ಲಸಿಕೆಯ ರಾಜಕೀಯ ಎಂದೆಲ್ಲ ನಾವೂ ಬರೆದೆವು. ನನಗೆ ಆ ಪದಗಳಿಗಿಂತ ಚೆನ್ನಾಗಿ ಅರ್ಥವಾದದ್ದು ಇಷ್ಟು: ವುಹಾನಿನಲ್ಲಿ ಹುಟ್ಟಿದ ಸುದ್ದಿ ಎರಡೇ ತಿಂಗಳಲ್ಲಿ 1956ರ ಗೆರೆಯನ್ನು ಮತ್ತೆ ಎಳೆದು ತೋರಿಸಿತು.

ಇದುವರೆಗೆ ಹೇಳಿದ್ದು ಹೊರಗಿನಿಂದ ಒಳಗೆ ಬಂದ ಸುದ್ದಿ. ಇಲ್ಲಿಂದ ಹೊರಟು ಜಗತ್ತಿನ ತೀರ್ಮಾನವಾದ ಸುದ್ದಿಯೂ ಒಂದಿದೆ. ಅದು ನಿಮಗೆ ಎಂಡೋಸಲ್ಫಾನ್ ಎಂಬ ಹೆಸರಿನಿಂದ ಪರಿಚಿತ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಲ್ಲಿ ಟೀ ಸೊಳ್ಳೆಯೆಂಬ ಬೆಳೆಕೀಟದ ಕಾಟವನ್ನು ತಡೆಯಲು ಎರಡು ದಶಕಗಳಿಗೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಬಾವಿ, ಕುಡಿಯುವ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ, ತೋಡು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಒಂದೇ ಪರಿಸರದ ಮನೆಗಳಲ್ಲಿ ಬುದ್ಧಿಮಾಂದ್ಯತೆ, ಅಂಗವೈಕಲ್ಯ, ಅಪಸ್ಮಾರಗಳು ಹೆಚ್ಚಾಗಿ ಕಾಣುತ್ತಿರುವುದನ್ನು ಮೊದಲು ಗಮನಿಸಿದವರಲ್ಲಿ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮತ್ತು ಅದೇ ಊರಿನ ಕೃಷಿ ಪತ್ರಕರ್ತ ಶ್ರೀ ಪಡ್ರೆ ಮುಖ್ಯರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಇಲ್ಲಿನ ನೀರು, ಮಣ್ಣು, ರಕ್ತಗಳಲ್ಲಿ ವಿಷದ ಅಂಶವಿದೆಯೆಂದು ಹೇಳಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಮಕ್ಕಳನ್ನು ಪರೀಕ್ಷಿಸಿ ನಡೆಸಿದ ಅಧ್ಯಯನ 2003ರಲ್ಲಿ ಅಂತರರಾಷ್ಟ್ರೀಯ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಯಿಲೆಗೂ ಕೀಟನಾಶಕಕ್ಕೂ ಸಂಬಂಧವಿಲ್ಲವೆಂದ ಸಮಿತಿಯ ವರದಿಯೂ ಬಂದಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಗೆ (ಪರಿಸರದಲ್ಲಿ ಬಹುಕಾಲ ಉಳಿಯುವ ವಿಷರಾಸಾಯನಿಕಗಳನ್ನು ತಡೆಯುವ ಒಪ್ಪಂದ) ಒಳಪಟ್ಟ ರಾಷ್ಟ್ರಗಳು ಸೇರಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಆ ಕೀಟನಾಶಕವನ್ನು ಅತಿ ಹೆಚ್ಚು ತಯಾರಿಸುತ್ತಿದ್ದ ಭಾರತ, ಮೊದಲು ವಿರೋಧಿಸಿ, ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿ ಪಡೆದು ಒಪ್ಪಿತು. ಅದೇ ವಾರ ಕೇರಳದ ಅಂದಿನ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ನಿಷೇಧಕ್ಕಾಗಿ ಒಂದು ದಿನದ ಉಪವಾಸ ಕೈಗೊಂಡರು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ ಬಂದದ್ದು ಮಾತ್ರ 2017ರ ಜನವರಿಯಲ್ಲಿ. ಜಗತ್ತಿನ ದೃಷ್ಟಿಯಲ್ಲಿ ಜಿನೀವಾದ ಸಭೆಯೊಂದಿಗೆ ಸುದ್ದಿ ಮುಗಿದಿತ್ತು. ಸಂತ್ರಸ್ತರ ಪಟ್ಟಿಯಲ್ಲಿ ಯಾರ ಹೆಸರಿದೆ, ಯಾರದು ಬಿಟ್ಟುಹೋಯಿತು, ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳು ಇಲ್ಲಿ ಅದರ ನಂತರವೇ ಜೋರಾದವು. ಅಂತರರಾಷ್ಟ್ರೀಯ ಒಪ್ಪಂದಗಳ ಬಗ್ಗೆ ಓದುವಾಗ ಸಹಿ ಬಿದ್ದ ದಿನಾಂಕಕ್ಕಿಂತ, ಆ ಸಹಿ ಒಂದು ಮನೆಯ ಹೊಸ್ತಿಲಿಗೆ ಯಾವಾಗ ಬಂದಿತೆಂಬುದನ್ನೇ ನಾನು ಹುಡುಕುವುದು ಈ ಕಾರಣದಿಂದ.

ಕೊನೆಯದಾಗಿ, ನಮ್ಮ ಮನೆಗಳಲ್ಲಿ ಇನ್ನೂ ತೀರ್ಮಾನವಾಗದ ಒಂದು ಜಾಗತಿಕ ಸುದ್ದಿಯನ್ನು ಹೇಳದಿದ್ದರೆ ಈ ಉತ್ತರ ಪ್ರಾಮಾಣಿಕವಾಗುವುದಿಲ್ಲ. ಅದು ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಬೆರೆಸದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿತು. ಈ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಪೇಟೆಯ ಧಾರಣೆ ಏನಾಗುವುದೋ ಎಂಬ ಆತಂಕ, ಇದು ಹೊರದೇಶದ ಪಿತೂರಿಯೆಂಬ ಮಾತು, ಅಡಿಕೆ ಔಷಧಿಯೆಂದು ಆಯುರ್ವೇದದಲ್ಲಿ ಹೇಳಿದೆಯಲ್ಲವೇ ಎಂಬ ಅಜ್ಜನ ಪ್ರಶ್ನೆ. ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿಯೆಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಜಗಿದರೆ ಎಷ್ಟು ಅಪಾಯವೆಂಬುದನ್ನು ಹೇಳುವುದಿಲ್ಲ. ಮದ್ಯವೂ ಸೂರ್ಯನ ಬಿಸಿಲೂ ಅದೇ ಗುಂಪಿನಲ್ಲಿವೆ. ಇಷ್ಟನ್ನು ವಿವರಿಸುವ ವರದಿಯನ್ನು ನಾನು ಎರಡೂ ಭಾಷೆಗಳ ಪತ್ರಿಕೆಗಳಲ್ಲಿ ವಿರಳವಾಗಿಯೇ ಕಂಡಿದ್ದೇನೆ. ಹಾಗೆಂದು ಬಾಯಿಯ ಕ್ಯಾನ್ಸರಿನ ಕುರಿತ ಸಾಕ್ಷ್ಯವನ್ನು ತಳ್ಳಿಹಾಕುವ ಧೈರ್ಯವೂ ನನಗಿಲ್ಲ. ಜಿನೀವಾದಲ್ಲಿ ವಿಜ್ಞಾನಿಗಳು ಹೇಳಿದ್ದನ್ನು ನ್ಯಾಯವೆಂದು ಸ್ವಾಗತಿಸಿದ ನಾವೇ ಲಿಯೋನಿನಲ್ಲಿ ವಿಜ್ಞಾನಿಗಳು ಹೇಳಿದ್ದನ್ನು ಪಿತೂರಿಯೆನ್ನುತ್ತಿದ್ದೇವಲ್ಲ ಎಂದು ನಾನು ಮನೆಯಲ್ಲಿ ಕೇಳಿದ್ದುಂಟು. ಆ ಕೀಟನಾಶಕ ನಮ್ಮದಾಗಿರಲಿಲ್ಲ, ಅಡಿಕೆ ನಮ್ಮದು ಎಂದು ಅಜ್ಜ ಹೇಳಿದರು. ನನ್ನ ಕಾಲೇಜಿನ ಶುಲ್ಕ ಬರುವುದೂ ಅದೇ ತೋಟದಿಂದಾದ್ದರಿಂದ ನಾನು ಚರ್ಚೆಯನ್ನು ಮುಂದುವರಿಸಲಿಲ್ಲ.