ತಂತ್ರಜ್ಞಾನ ಕಲಿಕೆಯ ಗುರಿಯನ್ನು ಮಗುವೇ ಗೊತ್ತುಮಾಡಿಕೊಳ್ಳಬಲ್ಲದೇ?

ಪ್ರಶ್ನೆ: ನಾನು ಒಂಬತ್ತು–ಹತ್ತು ವರ್ಷದ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವ ಶಿಕ್ಷಕಿ. ಈ ವರ್ಷದಿಂದ ಪ್ರತಿ ವಿದ್ಯಾರ್ಥಿಯೂ ತಾನು ಏನು ಕಲಿಯಬೇಕೆಂಬ ಗುರಿಯನ್ನು ತಾನೇ ಬರೆಯಬೇಕೆಂದು ನಮ್ಮ ಶಾಲೆಯಲ್ಲಿ ತೀರ್ಮಾನವಾಗಿದೆ. ಹಾಳೆ ಕೊಟ್ಟಾಗ ಅರ್ಧದಷ್ಟು ಮಕ್ಕಳು ‘ಕಂಪ್ಯೂಟರ್ ಚೆನ್ನಾಗಿ ಕಲಿಯುತ್ತೇನೆ’ ಎಂದು ಬರೆದರು, ಉಳಿದವರು ‘ಗೇಮ್ ಮಾಡುತ್ತೇನೆ’ ಎಂದರು. ಗುರಿಗಳನ್ನು ನಾನೇ ಬರೆದುಕೊಡಲೇ? ಈ ವಯಸ್ಸಿಗೆ ಇದು ಹೆಚ್ಚಾಯಿತೇ?

ಉತ್ತರ: ವಯಸ್ಸಿಗೆ ಹೆಚ್ಚಾಗಲಿಲ್ಲ, ಹಾಳೆ ಮಾತ್ರ ಸ್ವಲ್ಪ ಬೇಗ ಬಂತು. ಕಂಪ್ಯೂಟರಿನಲ್ಲಿ ಏನೇನು ಸಾಧ್ಯ ಎಂಬುದನ್ನು ಕಣ್ಣಾರೆ ಕಾಣದ ಮಗು ದೊಡ್ಡವರ ಬಾಯಲ್ಲಿ ಕೇಳಿದ ಮಾತನ್ನೇ ಬರೆಯುತ್ತದೆ. ‘ಚೆನ್ನಾಗಿ ಕಲಿಯುತ್ತೇನೆ’ ಎಂಬುದು ಹಾಗೆ ಬಂದ ವಾಕ್ಯ. ಆದ್ದರಿಂದ ಮೊದಲ ಕೆಲವು ತರಗತಿಗಳಲ್ಲಿ ಗುರಿಯ ಮಾತೇ ಬೇಡ. ಚಿತ್ರ ಬಿಡಿಸುವುದು, ತಮ್ಮದೇ ದನಿಯನ್ನು ಮುದ್ರಿಸಿ ಕತ್ತರಿಸುವುದು, ತರಗತಿಯ ಮಕ್ಕಳ ಎತ್ತರವನ್ನು ಪಟ್ಟಿ ಮಾಡಿ ನಕ್ಷೆಯಾಗಿಸುವುದು, ಪರದೆಯ ಮೇಲಿನ ಗೊಂಬೆಯನ್ನು ಓಡಿಸುವುದು, ಹೀಗೆ ನಾಲ್ಕಾರು ಕೆಲಸಗಳನ್ನು ಅವರ ಕೈಗೇ ಕೊಟ್ಟು, ಆಮೇಲೆ ‘ಇವುಗಳಲ್ಲಿ ಯಾವುದನ್ನು ಮುಂದುವರಿಸಬೇಕು ಅನ್ನಿಸುತ್ತದೆ?’ ಎಂದು ಕೇಳಿ.

‘ಗೇಮ್ ಮಾಡುತ್ತೇನೆ’ ಎಂದವರ ಮಾತನ್ನು ಮಾತ್ರ ತಳ್ಳಿಹಾಕಬೇಡಿ. ಅದರಲ್ಲಿ ನಿಜವಾದ ಆಸೆ ಇದೆ, ಗಾತ್ರವಷ್ಟೇ ದೊಡ್ಡದು. ಅದನ್ನು ಕಿರಿದುಮಾಡಲು ನೆರವಾಗುವುದೇ ಶಿಕ್ಷಕರ ಕೆಲಸ, ಮತ್ತು ಅದನ್ನು ಪ್ರಶ್ನೆಗಳ ಮೂಲಕವೇ ಮಾಡಬೇಕು. ಎಂಟರಿಂದ ಹದಿನಾರು ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಅನ್ನು, ಎಂದರೆ ಆಜ್ಞೆಗಳ ತುಂಡುಗಳನ್ನು ಜೋಡಿಸಿ ಆಟ, ಕಥೆಗಳನ್ನು ಮಾಡುವ ತಂತ್ರಾಂಶವನ್ನು, ನೀವು ಬಳಸುತ್ತಿರಬಹುದು. ಅಲ್ಲಿ ಹೊಸ ಕಡತ ತೆರೆದರೆ ಒಂದು ಬೆಕ್ಕು ನಿಂತಿರುತ್ತದೆ. ಮಗುವನ್ನು ಕೇಳಿ: ‘ನಿನ್ನ ಗೇಮಿನಲ್ಲಿ ಬೆಕ್ಕು ಮೊದಲು ಏನು ಮಾಡುತ್ತದೆ?’ ‘ಓಡುತ್ತದೆ.’ ‘ಯಾರು ಓಡಿಸುತ್ತಾರೆ?’ ‘ನಾನು, ಬಾಣದ ಕೀಲಿ ಒತ್ತಿ.’ ‘ಎದುರಿಗೆ ಗೋಡೆ ಬಂದರೆ?’ ಇಲ್ಲಿ ಮಗು ಒಂದು ಕ್ಷಣ ಯೋಚಿಸುತ್ತದೆ, ಏಕೆಂದರೆ ಗೋಡೆಯ ಚಿತ್ರ ಬಿಡಿಸಿದ ಮಾತ್ರಕ್ಕೆ ಬೆಕ್ಕು ನಿಲ್ಲುವುದಿಲ್ಲ, ಅದು ನೇರವಾಗಿ ಗೋಡೆಯನ್ನು ಹಾದುಹೋಗುತ್ತದೆ. ಆಗ ‘ಬೆಕ್ಕು ಗೋಡೆ ದಾಟಬಾರದು’ ಎಂದು ಅದೇ ಮಗು ತನ್ನ ಹಾಳೆಯಲ್ಲಿ ಬರೆದುಕೊಂಡರೆ, ಅದು ಈ ವಾರದ ಗುರಿ. ಬೆಕ್ಕು ಗೋಡೆಗೆ ತಾಗಿತೇ ಎಂದು ಪರೀಕ್ಷಿಸುವ ಷರತ್ತನ್ನು ಕಲಿಯದೆ ಈ ಗುರಿ ಮುಟ್ಟಲಾಗದು. ಎಂದರೆ ನೀವು ಕಲಿಸಬೇಕಾಗಿದ್ದ ಪಾಠ ಅದರೊಳಗೇ ಇದೆ. ಗುರಿ ಮುಟ್ಟಿತೋ ಇಲ್ಲವೋ ಎಂದು ನಿಮ್ಮನ್ನು ಕೇಳುವ ಅಗತ್ಯವೂ ಮಗುವಿಗಿಲ್ಲ, ಪರದೆಯೇ ಹೇಳುತ್ತದೆ. ಮುಗಿಯಿತೆಂದು ಮಗು ತಾನಾಗಿಯೇ ತಿಳಿಯಬಲ್ಲ ಗುರಿ ಮಾತ್ರ ಮಗುವಿನ ಗುರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗುರಿ ಹತ್ತಿರದಲ್ಲಿರಬೇಕೆನ್ನುವುದಕ್ಕೆ ಒಳ್ಳೆಯ ಆಧಾರವೂ ಇದೆ. ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯವಕಲನದಲ್ಲಿ ತೀರಾ ಹಿಂದುಳಿದು ಗಣಿತದಲ್ಲಿ ಆಸಕ್ತಿಯನ್ನೇ ಕಳೆದುಕೊಂಡಿದ್ದ ಮಕ್ಕಳಿಗೆ ಏಳು ಅವಧಿಗಳಲ್ಲಿ 42 ಪುಟಗಳ ಅಭ್ಯಾಸವನ್ನು ಕೊಡಲಾಯಿತು. ಒಂದು ಗುಂಪಿಗೆ ಅವಧಿಗೆ ಆರು ಪುಟ ಎಂಬ ಸಣ್ಣ ಗುರಿ, ಇನ್ನೊಂದಕ್ಕೆ ಕೊನೆಯಲ್ಲಿ 42 ಪುಟ ಮುಗಿದಿರಬೇಕು ಎಂಬ ದೂರದ ಗುರಿ. ಕೆಲಸ ಅಷ್ಟೇ ಆಗಿದ್ದರೂ ಹತ್ತಿರದ ಗುರಿಯಿದ್ದ ಮಕ್ಕಳ ಕಲಿಕೆಯೂ ಆತ್ಮವಿಶ್ವಾಸವೂ ಹೆಚ್ಚಿದವು. ಲೆಕ್ಕದ ಮೇಲಿನ ಆಸಕ್ತಿಯೂ ಅವರಲ್ಲೇ ಹೆಚ್ಚು ಕಂಡಿತು. ಅಲ್ಲಿ ಗುರಿ ಸೂಚಿಸಿದವರು ದೊಡ್ಡವರೇ ಎಂಬುದು ನಿಜ. ಹಾಗಾಗಿ ಗಾತ್ರವನ್ನು ಕುರಿತು ನೀವು ಸಲಹೆ ಕೊಟ್ಟರೆ ತಪ್ಪೇನಿಲ್ಲ, ವಿಷಯವನ್ನು ಮಗುವೇ ಆರಿಸಿಕೊಳ್ಳಲಿ.

ಟೈಪಿಂಗ್ ಕಲಿಯಲು ಹೊರಟವರ ಬಗ್ಗೆ ಒಂದು ಎಚ್ಚರಿಕೆ. ‘ನಿಮಿಷಕ್ಕೆ ಮೂವತ್ತು ಪದ’ ಎಂಬ ಗುರಿಯನ್ನು ಆರಂಭದಲ್ಲೇ ಇಟ್ಟುಕೊಂಡರೆ ಮಗು ವೇಗಕ್ಕಾಗಿ ಎರಡೇ ಬೆರಳಲ್ಲಿ ಕುಟ್ಟತೊಡಗುತ್ತದೆ, ಆಮೇಲೆ ಆ ರೂಢಿ ಬಿಡಿಸುವುದು ಕಷ್ಟ. ಕೈಗೆ ಇನ್ನೂ ಹತ್ತದ ಕೆಲಸದಲ್ಲಿ ಅಂಕಿಯ ಗುರಿಗಿಂತ ‘ಮಧ್ಯದ ಸಾಲಿನ ಕೀಲಿಗಳನ್ನು ನೋಡದೆ ಒತ್ತುತ್ತೇನೆ’ ಎಂಬಂಥ ವಿಧಾನದ ಗುರಿ ಮೇಲು.

ವಾರದ ಕೊನೆಯಲ್ಲಿ ಏನಾಯಿತು, ಎಲ್ಲಿ ತಡೆಯಿತು, ಮುಂದೇನು ಎಂದು ಎರಡು ಸಾಲು ಬರೆಯಿಸಿ. ಆ ಸಾಲುಗಳಿಗೆ ದಯವಿಟ್ಟು ಅಂಕ ಕೊಡಬೇಡಿ. ಅಂಕ ಬಂದ ಕೂಡಲೇ ಮಕ್ಕಳು ಖಂಡಿತ ಮುಗಿಯುವ ಸುಲಭದ ಗುರಿಯನ್ನೇ ಆರಿಸತೊಡಗುತ್ತಾರೆ, ತಡೆದದ್ದನ್ನು ಮುಚ್ಚಿಡುತ್ತಾರೆ. ನಿಮಗೆ ಬೇಕಾಗಿರುವುದಾದರೋ ತಡೆದ ಜಾಗದ ಸುಳಿವೇ.

ಪ್ರಶ್ನೆ: ನಮ್ಮ ಹನ್ನೊಂದು ವರ್ಷದ ಮಗಳು ಪದೇ ಪದೇ ಗುರಿ ಬದಲಿಸುತ್ತಾಳೆ. ಅನಿಮೇಷನ್ ಕಲಿಯುತ್ತೇನೆ ಎಂದವಳು ಅದನ್ನು ಅರ್ಧಕ್ಕೆ ಬಿಟ್ಟು ಈಗ ವಿಡಿಯೊ ಎಡಿಟಿಂಗ್ ಎನ್ನುತ್ತಿದ್ದಾಳೆ. ಹಿಡಿದದ್ದನ್ನು ಮುಗಿಸಲೇಬೇಕೆಂದು ನಾವು ಪಟ್ಟು ಹಿಡಿಯಬೇಕೇ?

ಉತ್ತರ: ಪಟ್ಟು ಹಿಡಿಯುವ ಮೊದಲು ಕೆಲಸ ನಿಂತ ಜಾಗವನ್ನು ತೋರಿಸಲು ಹೇಳಿ. ಮಗು ಬೇಸರವಾಗಿ ಬಿಡುವುದಕ್ಕೂ, ದಾರಿ ಕಾಣದೆ ಬಿಡುವುದಕ್ಕೂ, ತಿಳಿಯಬೇಕಾದ್ದು ತಿಳಿಯಿತೆಂದು ಬಿಡುವುದಕ್ಕೂ ವ್ಯತ್ಯಾಸವಿದೆ. ಅನಿಮೇಷನ್ನಿನ ವಿಷಯದಲ್ಲಿ ಎರಡನೆಯ ಕಾರಣವೇ ಇರಬಹುದೆಂದು ನನ್ನ ಊಹೆ. ಚಲನೆ ಸರಾಗವಾಗಿ ಕಾಣಲು ಸೆಕೆಂಡಿಗೆ 12 ಚಿತ್ರಗಳಾದರೂ ಬೇಕೆಂದು ಲೆಕ್ಕ ಹಿಡಿದರೆ ಒಂದು ನಿಮಿಷದ ಕಥೆಗೆ 720 ಚಿತ್ರಗಳಾಗುತ್ತವೆ. ಗುರಿ ಇಟ್ಟುಕೊಂಡ ದಿನ ಈ ಲೆಕ್ಕ ಅವಳಿಗೆ ಗೊತ್ತಿರಲಿಕ್ಕಿಲ್ಲ. ಮೂವತ್ತನೆಯ ಚಿತ್ರದ ಹೊತ್ತಿಗೆ ಕೈಸೋತು ನಿಂತರೆ ಅದನ್ನು ಚಂಚಲತೆ ಎನ್ನುವುದು ಅನ್ಯಾಯ. ಪುಟಿಯುವ ಚೆಂಡಿನ ಐದು ಸೆಕೆಂಡಿನ ಚಲನೆಗೆ 60 ಚಿತ್ರ ಸಾಕು ಎಂದು ಅವಳ ಜೊತೆ ಕೂತು ಲೆಕ್ಕ ಹಾಕಿ, ಬೇಕೆನಿಸಿದರೆ ಅವಳೇ ಮತ್ತೆ ಕೈಗೆತ್ತಿಕೊಳ್ಳಲಿ. ನಿಜವಾಗಿಯೂ ಆಸಕ್ತಿ ತೀರಿದ್ದರೆ ಬಿಟ್ಟುಬಿಡಲಿ. ಈ ವಯಸ್ಸಿನಲ್ಲಿ ಯಾವುದು ತನ್ನದಲ್ಲ ಎಂದು ತಿಳಿಯುವುದೂ ಕಲಿಕೆಯೇ. ಬಿಡುವ ಮುನ್ನ ಹಳೆಯ ಕಡತಕ್ಕೆ ಸರಿಯಾದ ಹೆಸರು ಕೊಟ್ಟು ಜೋಪಾನವಾಗಿ ಇಟ್ಟುಕೊಳ್ಳಲು ಮಾತ್ರ ಹೇಳಿ. ಅರ್ಧಕ್ಕೆ ನಿಂತ ಆ ಮೂವತ್ತು ಚಿತ್ರಗಳು ಸೇರಿ ಎರಡೂವರೆ ಸೆಕೆಂಡಾಗುತ್ತವೆ, ಅವಳ ಮೊದಲ ವಿಡಿಯೊದ ಶೀರ್ಷಿಕೆಯನ್ನು ಚಲಿಸುವಂತೆ ಮಾಡಲು ಅಷ್ಟು ಸಾಕು.